ಟೆರೇಸ್ ರೂಮಿನ ಧಗೆಗೆ ಗೃಹಜ್ಯೋತಿಯಲ್ಲಿ ಜಾಗವಿದೆಯೇ?

ಹುಲಿಗಿಯಂಥ ಊರಲ್ಲಿ ಓದೋಕೆ, ತಬಲಾ ಬಾರಿಸೋಕೆ, ಹೊಲಿಗೆ ಮಷಿನ್ ಇಡೋಕೆ ಅಂತ ಟೆರೇಸ್ ಮೇಲೊಂದು ಸಣ್ಣ ರೂಮು ಕಟ್ಟಿಸಿಕೊಂಡರೆ, ಏಪ್ರಿಲ್ ಬಂದಾಗ ಅದರೊಳಗೆ ಕೂರೋದೇ ಕಷ್ಟ. ಆರ್‌ಸಿಸಿ ಛಾವಣಿ ಹಗಲೆಲ್ಲ ಬಿಸಿಲು ಹೀರಿ, ರಾತ್ರಿ ಅದನ್ನೇ ಒಳಗೆ ಬಿಡುತ್ತದೆ. ಚಳಿ ದೇಶಗಳಲ್ಲಿ ಇಂಥದೇ ಹವ್ಯಾಸದ ರೂಮು ನೆಲಮಾಳಿಗೆಯಲ್ಲಿರುತ್ತದೆ. ಅದನ್ನು ಬೆಚ್ಚಗಿಡಲು ಸಣ್ಣ ಹೀಟ್ ಪಂಪ್ ಹಾಕುತ್ತಾರೆ. ನಮಗೆ ಬೇಕಿರುವುದೂ ಅದೇ ಯಂತ್ರ, ದಿಕ್ಕು ಮಾತ್ರ ಉಲ್ಟಾ. ನಾವು ಅದನ್ನು ಎಸಿ ಅಂತೀವಿ.

ಯಂತ್ರದ ಲೆಕ್ಕ

ಹೀಟ್ ಪಂಪ್ ಶಾಖವನ್ನು ಹುಟ್ಟಿಸುವುದಿಲ್ಲ, ಸಾಗಿಸುತ್ತದೆ. ಹಾಗಾಗಿ ಒಳ್ಳೆಯ ಎಸಿ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್‌ಗೂ ಹೆಚ್ಚು ಶಾಖವನ್ನು ಹೊರಹಾಕಬಲ್ಲದು. ರೂಮು ತಣ್ಣಗಾದ ಮೇಲೆ ಇನ್ವರ್ಟರ್ ಎಸಿ ತನ್ನ ವೇಗ ತಗ್ಗಿಸುತ್ತದೆ. ಸಣ್ಣ ರೂಮಿನಲ್ಲಿ ಗಂಟೆಗೆ ಸರಾಸರಿ 0.6 ಯೂನಿಟ್ ಅಂತಿಟ್ಟುಕೊಳ್ಳಿ. ದಿನಕ್ಕೆ 6 ಗಂಟೆಯಂತೆ ತಿಂಗಳಿಗೆ 108 ಯೂನಿಟ್.

ಬಿಲ್ಲಿನ ಲೆಕ್ಕ

2023ರಲ್ಲಿ ಬಂದ ಗೃಹಜ್ಯೋತಿ ಎಲ್ಲರಿಗೂ 200 ಯೂನಿಟ್ ಉಚಿತ ಕೊಡುವುದಿಲ್ಲ. 2022-23ರ ಸರಾಸರಿ ಬಳಕೆಯ ಮೇಲೆ ಶೇ 10ರಷ್ಟು ಸೇರಿಸಿ ಪ್ರತಿ ಮನೆಗೂ ಮಿತಿ ಕಟ್ಟಿದ್ದಾರೆ. ಮಿತಿ ಮೀರಿದರೆ ಹೆಚ್ಚುವರಿಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್.

ಸರಾಸರಿ 100 ಇದ್ದ ಮನೆಗೆ 110 ಯೂನಿಟ್ ಉಚಿತ. ಎಸಿ ಸೇರಿ ಬಳಕೆ 208 ಆಯಿತೆಂದರೆ ಅಷ್ಟಕ್ಕೂ ಬಿಲ್. ಎಂಟೇ ಯೂನಿಟ್ ಹೆಚ್ಚಾಗಿದ್ದಕ್ಕೆ ಇಡೀ ಸೌಲಭ್ಯ ಆ ತಿಂಗಳು ಹೋಯ್ತು!

ಇಲ್ಲಿ ದಕ್ಷತೆ ಕೆಲಸಕ್ಕೆ ಬರುತ್ತದೆ. 2020ರಿಂದ ಸ್ಟಾರ್ ಲೇಬಲ್‌ನ ರೂಮ್ ಎಸಿಗಳು ಡೀಫಾಲ್ಟ್ ಆಗಿ 24 ಡಿಗ್ರಿಯಲ್ಲಿ ಶುರುವಾಗುತ್ತವೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6 ಉಳಿತಾಯ ಎನ್ನುತ್ತದೆ ಕೇಂದ್ರದ ಇಂಧನ ದಕ್ಷತಾ ಬ್ಯೂರೊ. 26ಕ್ಕಿಟ್ಟು ಫ್ಯಾನ್ ಹಾಕಿದರೆ 108 ಯೂನಿಟ್ ಸುಮಾರು 95ಕ್ಕಿಳಿಯುತ್ತದೆ. ಒಟ್ಟು 195, ಬಿಲ್ ಬರುವುದು 85ಕ್ಕೆ ಮಾತ್ರ. ಛಾವಣಿಗೆ ಬಿಳಿ ಸುಣ್ಣ ಬಳಿದು, ಕಿಟಕಿ-ಬಾಗಿಲ ಸಂದಿ ಮುಚ್ಚಿದರೆ ಇನ್ನೂ ಕಡಿಮೆ.

ಕೇಳಬೇಕಾದ ಪ್ರಶ್ನೆ

ಆದರೆ ಎಲ್ಲವನ್ನೂ ರಿಮೋಟಿನ ಮೇಲೆ ಹಾಕಿ ಕೂರುವಂತಿಲ್ಲ. ಅಂದು 180 ಯೂನಿಟ್ ಸುಟ್ಟ ಮನೆಗೆ 198 ಉಚಿತ. ಧಗೆ ಸಹಿಸಿಕೊಂಡು 60ರಲ್ಲೇ ಮುಗಿಸಿದ ಮನೆಗೆ 66. ಸರಾಸರಿ 48ಕ್ಕಿಂತ ಕಡಿಮೆ ಇದ್ದವರಿಗೆ 2024ರಲ್ಲಿ ಶೇ 10ರ ಬದಲು 10 ಯೂನಿಟ್ ಕೊಟ್ಟರು. ಅಷ್ಟರಲ್ಲಿ ಎಸಿ ಮೂರು ದಿನ ಓಡಿದರೆ ಹೆಚ್ಚು.

ಅಂದರೆ ಯೋಜನೆ ಅಳೆಯುತ್ತಿರುವುದು ಇವತ್ತಿನ ಅಗತ್ಯವನ್ನಲ್ಲ, ನಿನ್ನೆಯ ಬಳಕೆಯನ್ನು. ಕೊಪ್ಪಳದ ಬೇಸಿಗೆಗೂ ಮಲೆನಾಡಿನ ಬೇಸಿಗೆಗೂ ಒಂದೇ ಸೂತ್ರ. ಕಡಿಮೆ ಬಳಸಿದವರ ಮಿತಿಯನ್ನು ಬೇಸಿಗೆಯ ತಿಂಗಳುಗಳಲ್ಲಾದರೂ ಏರಿಸಿ, ಬಡವರ ತಗಡಿನ ಮನೆಗಳ ಸೂರು ತಂಪಾಗಿಸಲು ನೆರವು ಕೊಡಿ ಅಂತ ಕೇಳುವುದು ಐಷಾರಾಮದ ಬೇಡಿಕೆಯಲ್ಲ.