ಮನೇಲಿ ಗೊತ್ತಾದ್ರೆ ಕಾಲೇಜು ಬಿಡಿಸ್ತಾರೆ

ಹಾರನಹಳ್ಳಿ ಹೋಬಳಿಯ ಒಂದು ಊರಿನಿಂದ ಮೈಸೂರಿಗೆ ಎಂ.ಎ. ಓದಲು ಹೊರಟ ಹುಡುಗಿಯೊಬ್ಬಳನ್ನು ಕಣ್ಣಮುಂದೆ ತಂದುಕೊಳ್ಳಿ. ಪಿರಿಯಾಪಟ್ಟಣಕ್ಕೆ ಬಂದು ಬಸ್ಸು ಹತ್ತಿದರೆ ಹುಣಸೂರು, ಬಿಳಿಕೆರೆ, ಇಲವಾಲ, ಹಿನಕಲ್ ಎಲ್ಲ ದಾಟಿ ನಗರ ಸೇರುವಾಗ ಬಲಗಡೆಗೆ ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿ ಸಿಗುತ್ತದೆ. ಅವಳ ಕೊರಳಲ್ಲಿ ಹೊಗೆಸೊಪ್ಪಿಗೆ ಒಳ್ಳೆಯ ದರ ಸಿಕ್ಕ ವರ್ಷ ಅಪ್ಪ ಮಾಡಿಸಿಕೊಟ್ಟ ತೆಳ್ಳನೆಯ ಸರವಿದೆ. ಕೈಯಲ್ಲಿ ಕಂತಿನ ಮೇಲೆ ಕೊಂಡ ಮೊಬೈಲು. ಒಂದು ಸಂಜೆ ರೂಮಿಗೆ ನಡೆದು ಹೋಗುವಾಗ ಬೈಕಿನಲ್ಲಿ ಬಂದ ಇಬ್ಬರು ಆ ಮೊಬೈಲನ್ನು ಕಿತ್ತುಕೊಂಡು ಮಾಯವಾಗುತ್ತಾರೆ. ಕೈಕಾಲು ನಡುಗುತ್ತಾ ನಿಂತ ಅವಳಿಗೆ ಮೊದಲು ನೆನಪಾಗುವುದು ಪೊಲೀಸ್ ಠಾಣೆಯಲ್ಲ, ಮನೆ. ‘ಮನೇಲಿ ಗೊತ್ತಾದ್ರೆ ಕಾಲೇಜು ಬಿಡಿಸ್ತಾರೆ.’

ಈ ಅಧ್ಯಾಯ ಬರೆಯುತ್ತಿರುವುದು ಆ ಒಂದು ಮಾತಿಗಾಗಿ. ಕಳ್ಳನಿಗೆ ಕತ್ತಲೆಗಿಂತ, ಬೈಕಿನ ವೇಗಕ್ಕಿಂತ ಹೆಚ್ಚು ಅನುಕೂಲ ಮಾಡಿಕೊಡುವುದು ಈ ಹೆದರಿಕೆಯೇ.

ವಿಶ್ವವಿದ್ಯಾಲಯಗಳ ಸುತ್ತಮುತ್ತ ಇಂಥವು ಯಾಕೆ ನಡೆಯುತ್ತವೆ ಎಂಬುದು ಜಾಗವನ್ನು ನೋಡಿದರೆ ತಿಳಿಯುತ್ತದೆ. ಕುವೆಂಪು ಕುಲಪತಿಗಳಾಗಿದ್ದಾಗ, 1960ರಲ್ಲಿ, ಅವರೇ ಇಟ್ಟ ಹೆಸರಿನಲ್ಲಿ ಮಾನಸಗಂಗೋತ್ರಿ ಶುರುವಾಯಿತು. ಏಳುನೂರು ಎಕರೆಗೂ ಮಿಕ್ಕ ಹರಹು. ಮಗ್ಗುಲಲ್ಲೇ ಕುಕ್ಕರಹಳ್ಳಿ ಕೆರೆ. ಹಗಲಿನಲ್ಲಿ ತಣ್ಣಗಿರುವ ಅದೇ ಮರಗಳ ಸಾಲು, ದೀಪ ಕೆಟ್ಟ ದಿನ ನೂರು ಹೆಜ್ಜೆಯ ಕತ್ತಲೆಯಾಗುತ್ತದೆ. ಒಂದು ವಿಭಾಗಕ್ಕೂ ಇನ್ನೊಂದಕ್ಕೂ ದೂರ, ಹಾಸ್ಟೆಲಿಗೆ ಇನ್ನೂ ದೂರ. ರಸ್ತೆಯ ಆ ಬದಿಯ ಪಡುವಾರಹಳ್ಳಿಯಂಥ ಕಡೆ ರೂಮು ಮಾಡಿಕೊಂಡವರು ದಿನಾ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ, ಹೆಚ್ಚಾಗಿ ನಡೆದೇ ಹೋಗುತ್ತಾರೆ. ಮೇಲಾಗಿ ಪ್ರತಿ ವರ್ಷ ಹೊಸಬರು ಬರುತ್ತಾರೆ. ಯಾವ ಗಲ್ಲಿ ಎಲ್ಲಿಗೆ ಹೋಗುತ್ತದೆ, ಯಾವ ಠಾಣೆ ಹತ್ತಿರ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಹೊಂಚು ಹಾಕುವವನಿಗೆ ಇದೆಲ್ಲ ಗೊತ್ತಿರುತ್ತದೆ.

2021ರ ಆಗಸ್ಟ್ 24ರ ಸಂಜೆ ಮೈಸೂರಿನಲ್ಲಿ ನಡೆದದ್ದನ್ನು ನಮ್ಮ ಕಡೆಯವರು ಯಾರೂ ಮರೆತಿಲ್ಲ. ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ, ಲಲಿತಾದ್ರಿಪುರದ ಬಳಿ, ಒಬ್ಬ ವಿದ್ಯಾರ್ಥಿನಿ ಮತ್ತು ಅವಳ ಸಹಪಾಠಿಯ ಮೇಲೆ ಗುಂಪೊಂದು ಎರಗಿತು. ಅವನನ್ನು ಹೊಡೆದು ಕೆಡವಿ, ಅವಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಸಿದರು. ಹಣಕ್ಕೂ ಪೀಡಿಸಿದರು. ನಾಲ್ಕೇ ದಿನದಲ್ಲಿ ಪೊಲೀಸರು ತಮಿಳುನಾಡಿನಿಂದ ಆರೋಪಿಗಳನ್ನು ಹಿಡಿದು ತಂದರು. ಸ್ಥಳದಲ್ಲಿ ಬಿದ್ದಿದ್ದ ಒಂದು ಬಸ್ ಟಿಕೆಟ್ ತನಿಖೆಗೆ ದಾರಿ ತೋರಿಸಿತೆಂದು ಆಗ ಪತ್ರಿಕೆಗಳಲ್ಲಿ ಓದಿದ್ದೆವು. ಯಾರೂ ದೂರು ಕೊಡದೆ ಒಂದು ವಾರ ಕಳೆದಿದ್ದರೆ, ಒಂದು ಮಳೆ ಬಂದಿದ್ದರೆ, ಅಂಥ ಚೀಟಿ ಎಲ್ಲಿ ಉಳಿಯುತ್ತಿತ್ತು?

ಆ ಘಟನೆಯ ಬೆನ್ನಲ್ಲೇ ಮೈಸೂರು ವಿಶ್ವವಿದ್ಯಾಲಯದಿಂದ ಒಂದು ಸುತ್ತೋಲೆ ಹೊರಟಿತು. ಸಂಜೆ 6.30ರ ನಂತರ ವಿದ್ಯಾರ್ಥಿನಿಯರು ಮಾನಸಗಂಗೋತ್ರಿಯಲ್ಲಿ ಒಬ್ಬರೇ ಓಡಾಡಬಾರದು, ಕುಕ್ಕರಹಳ್ಳಿ ಕೆರೆಯ ಕಡೆ ಹೋಗಬಾರದು ಎಂದು. ಟೀಕೆ ಎದ್ದ ಮೇಲೆ ಅದನ್ನು ಹಿಂದಕ್ಕೆ ಪಡೆದರು. ಸುತ್ತೋಲೆ ಹೊರಡಿಸಿದವರಿಗೆ ಹುಡುಗಿಯರ ಮೇಲೆ ಕಾಳಜಿ ಇರಲಿಲ್ಲ ಎಂದು ನಾನು ಹೇಳಲಾರೆ. ಆದರೆ ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ಕೆರೆಯ ಏರಿಯ ಮೇಲೆ ಹತ್ತು ಜನ ಓಡಾಡುತ್ತಿದ್ದರೆ ಹನ್ನೊಂದನೆಯವಳಿಗೆ ಧೈರ್ಯ. ಆ ಹತ್ತು ಜನರನ್ನೂ ಒಳಗೆ ಕಳಿಸಿಬಿಟ್ಟರೆ, ಬಸ್ಸು ತಡವಾಗಿ ಏಳು ಗಂಟೆಗೆ ಇಳಿದ ಹುಡುಗಿಗೆ ಖಾಲಿ ರಸ್ತೆಯೇ ಗತಿ. ಅವಳಿಗೆ ಏನಾದರೂ ಆದರೆ ‘ಅಷ್ಟು ಹೊತ್ತಲ್ಲಿ ಅಲ್ಲೇನು ಕೆಲಸವಿತ್ತು’ ಎಂಬ ಪ್ರಶ್ನೆ ಬೇರೆ ಎದುರಿಗೆ ನಿಲ್ಲುತ್ತದೆ. ಆ ಪ್ರಶ್ನೆಗೆ ಹೆದರಿ ಅವಳು ಬಾಯಿಮುಚ್ಚುತ್ತಾಳೆ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2015ರ ನಿಯಮಗಳು ಈ ಬಗ್ಗೆ ಮೊದಲೇ ಸ್ಪಷ್ಟವಾಗಿ ಹೇಳಿದ್ದವು: ಸುರಕ್ಷತೆಯ ನೆಪದಲ್ಲಿ ಹಾಸ್ಟೆಲಿನ ಹುಡುಗಿಯರಿಗೆ ಹುಡುಗರಿಗಿಲ್ಲದ ಕಟ್ಟುಪಾಡು ಹಾಕುವಂತಿಲ್ಲ. ದೀಪ, ಸಾರಿಗೆ, ತರಬೇತಾದ ಕಾವಲು ಒದಗಿಸುವುದು ಸಂಸ್ಥೆಯ ಹೊಣೆ. ಪ್ರತಿ ಕಾಲೇಜಿನಲ್ಲೂ ಆಂತರಿಕ ದೂರು ಸಮಿತಿ ಇರಬೇಕು. ಲೈಂಗಿಕ ಕಿರುಕುಳವಾದರೆ ಮೂರು ತಿಂಗಳೊಳಗೆ ಅದಕ್ಕೆ ಲಿಖಿತ ದೂರು ಕೊಡಬಹುದು, ಕಿರುಕುಳ ಕೊಟ್ಟವನು ಹೊರಗಿನವನಾದರೂ ಸಂಸ್ಥೆ ಕೈಕಟ್ಟಿ ಕೂರುವಂತಿಲ್ಲ. ಕಾಲೇಜಿಗೆ ಸೇರಿಸಲು ಹೋದ ದಿನ ಶುಲ್ಕದ ರಸೀದಿಯ ಜೊತೆಗೆ ಈ ಸಮಿತಿಯವರ ಹೆಸರು, ನಂಬರು ಎಲ್ಲಿ ಹಾಕಿದ್ದಾರೆ ಎಂದು ಅಪ್ಪ ಅಮ್ಮಂದಿರು ಕೇಳಬೇಕು. ಕೇಳುವವರು ಇದ್ದಾರೆಂದು ಗೊತ್ತಾದರೆ ಗೋಡೆಯ ಮೇಲೆ ಫಲಕ ತಾನಾಗಿ ಬರುತ್ತದೆ.

ಬೆಂಗಳೂರು ವಿಶ್ವವಿದ್ಯಾಲಯದ ಆವರಣವಾದ ಜ್ಞಾನಭಾರತಿಯ ನೆನಪೂ ಇಲ್ಲಿ ಬೇಕು. ಅಲ್ಲಿನ ಮರಗಳ ಮರೆಯಲ್ಲಿ 2012ರ ಅಕ್ಟೋಬರ್‌ನಲ್ಲಿ ಕಾನೂನು ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಅವಳು ದೂರದ ನೇಪಾಳದಿಂದ ಬಂದಿದ್ದಳು. ಆದರೂ ಪ್ರಕರಣ ದಾಖಲಾಯಿತು, ಸಾಕ್ಷಿ ನಿಂತಿತು. 2013ರಲ್ಲಿ ತಪ್ಪಿತಸ್ಥರಿಗೆ ಜೀವಾವಧಿ ಶಿಕ್ಷೆಯಾಯಿತು, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ದೊಡ್ಡ ಪ್ರಕರಣಗಳಷ್ಟೇ ಸುದ್ದಿಯಾಗುತ್ತವೆ. ದಿನನಿತ್ಯ ನಡೆಯುವುದು ಮೊಬೈಲು, ಸರ ಕೀಳುವುದು, ಬೆನ್ನು ಹತ್ತುವುದು, ಬೆದರಿಸಿ ದುಡ್ಡು ಕೀಳುವುದು. ಈ ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹುಡುಗ ಹುಡುಗಿ ಕೂತು ಮಾತಾಡುತ್ತಿರುವ ಕಡೆ ಇಬ್ಬರು ಮೂವರು ಬರುತ್ತಾರೆ. ಪೊಲೀಸರು ಎಂದೋ, ಊರಿನವರು ಎಂದೋ ಹೇಳಿಕೊಳ್ಳುತ್ತಾರೆ. ಫೋಟೋ ತೆಗೆಯುತ್ತಾರೆ. ಆಮೇಲೆ ಅವರ ಬಾಯಿಂದ ಬರುವ ಮಾತು: ‘ನಿಮ್ಮಪ್ಪನ ನಂಬರ್ ಕೊಡು.’ ಚಾಕು ತೋರಿಸುವ ಅಗತ್ಯವೇ ಅವರಿಗಿಲ್ಲ. ಜೇಬಿನಲ್ಲಿದ್ದದ್ದು, ಫೋನ್‌ಪೇಯಲ್ಲಿದ್ದದ್ದು ಎಲ್ಲ ಕೊಟ್ಟು ಮಕ್ಕಳು ತಲೆತಗ್ಗಿಸಿ ಹೋಗುತ್ತಾರೆ. ಮುಂದಿನ ವಾರ ಮತ್ತೆ ಫೋನು ಬರುತ್ತದೆ. ಇದು ಸುಲಿಗೆ. ಇಬ್ಬರು ವಯಸ್ಕರು ಕೂತು ಮಾತಾಡುವುದು ಅಪರಾಧವಲ್ಲ, ಅವರನ್ನು ಬೆದರಿಸಿ ಹಣ ಕೀಳುವುದು ಅಪರಾಧ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಿತ್ತುಕೊಂಡು ಓಡುವುದಕ್ಕೇ ಪ್ರತ್ಯೇಕ ಕಲಂ ಇದೆ, 304. ಮೂರು ವರ್ಷದವರೆಗೆ ಜೈಲು, ದಂಡ. ಬೇಡವೆಂದರೂ ಹೆಣ್ಣುಮಕ್ಕಳ ಹಿಂದೆ ಬೀಳುವುದು, ಅವರ ಮೊಬೈಲು ಬಳಕೆಯ ಮೇಲೆ ಕಣ್ಣಿಡುವುದು 78ನೇ ಕಲಮಿನಡಿ ಬರುತ್ತದೆ. ಘಟನೆ ಯಾವ ಠಾಣೆಯ ಸರಹದ್ದಿನಲ್ಲಿ ಆಯಿತು ಎಂಬ ತಕರಾರೂ ಇಲ್ಲ. ಮೈಸೂರಿನಲ್ಲಿ ಆದದ್ದಕ್ಕೆ ಪಿರಿಯಾಪಟ್ಟಣದ ಠಾಣೆಯಲ್ಲೂ ದೂರು ಬರೆಸಬಹುದು, ಅವರು ಅದನ್ನು ದಾಖಲಿಸಿಕೊಂಡು ಅಲ್ಲಿಗೆ ಕಳಿಸಬೇಕು. ಅತ್ಯಾಚಾರದ ಪ್ರಕರಣವಾದರೆ ಸಂತ್ರಸ್ತೆಯ ಹೆಸರನ್ನು ಬಯಲು ಮಾಡುವುದೇ ಅಪರಾಧ. ಯಾವ ಆಸ್ಪತ್ರೆಯೂ, ಖಾಸಗಿಯದಾದರೂ, ಚಿಕಿತ್ಸೆಗೆ ದುಡ್ಡು ಕೇಳುವಂತಿಲ್ಲ.

ಬೈಕಿನವರು ಕಿತ್ತುಕೊಂಡಾಗ ಎಳೆದಾಡಬೇಡಿ, ಬೆನ್ನಟ್ಟಬೇಡಿ. ರಸ್ತೆಗೆ ಬಿದ್ದು ತಲೆಗೆ ಪೆಟ್ಟಾದರೆ ಯಾವ ಮೊಬೈಲೂ ಆ ನಷ್ಟ ತುಂಬಿಕೊಡದು. ಹತ್ತಿರದ ಅಂಗಡಿಗೆ ಹೋಗಿ ಯಾರದಾದರೂ ಫೋನಿನಿಂದ 112ಕ್ಕೆ ಕರೆ ಮಾಡಿ. ಬೈಕು ಹೋದ ದಿಕ್ಕು, ಬಟ್ಟೆಯ ಬಣ್ಣ, ನಂಬರಿನ ಕೊನೆಯ ಎರಡು ಅಂಕಿ, ಇಷ್ಟು ಸಿಕ್ಕರೂ ಸಾಕು. ಆಮೇಲೆ ಸಿಮ್ ನಿಲ್ಲಿಸಿ, ಬ್ಯಾಂಕಿಗೆ ತಿಳಿಸಿ. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದೂರಿನ ಪ್ರತಿ ಕೈಗೆ ಬಂದ ಮೇಲೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಆ ಮೊಬೈಲು ದೇಶದಲ್ಲೆಲ್ಲೂ ನಡೆಯದಂತೆ ತಡೆ ಹಾಕಿಸಬಹುದು. ಅದಕ್ಕೆ ಐಎಂಇಐ ಎಂಬ ಹದಿನೈದು ಅಂಕಿಯ ಗುರುತು ಬೇಕು. ಮೊಬೈಲು ಕೈಯಲ್ಲಿರುವಾಗಲೇ *#06# ಒತ್ತಿದರೆ ಅದು ಪರದೆಯ ಮೇಲೆ ಬರುತ್ತದೆ. ಬರೆದಿಡಬೇಕಾದದ್ದು ಮೊಬೈಲಿನಲ್ಲಲ್ಲ, ಮನೆಯ ಕ್ಯಾಲೆಂಡರಿನ ಹಿಂದೆ.

ಬಸ್ ಸ್ಟ್ಯಾಂಡಿಗೆ ಬಿಡಲು ಹೋಗುವ ಅಪ್ಪಂದಿರು ‘ಹುಷಾರು’ ಎನ್ನುತ್ತಾರೆ. ಅದರ ಜೊತೆಗೆ ಇನ್ನೊಂದು ಮಾತನ್ನೂ ಆಡಬೇಕು, ಎಲ್ಲ ಸರಿಯಿರುವಾಗಲೇ ಆಡಬೇಕು: ‘ಏನೇ ಆಗ್ಲಿ ಮೊದ್ಲು ನಂಗೆ ಹೇಳು ಮಗಾ. ಯಾರ ಜೊತೆಗಿದ್ದೆ, ಯಾಕೆ ಹೋಗಿದ್ದೆ ಅಂತ ಕೇಳಲ್ಲ. ಕಾಲೇಜೂ ಬಿಡ್ಸಲ್ಲ.’ ಇದನ್ನು ಗಂಡುಮಕ್ಕಳಿಗೂ ಹೇಳಬೇಕು. ಪೆಟ್ಟು ತಿಂದು, ದುಡ್ಡು ಕಳೆದುಕೊಂಡು, ಗಂಡಸಾಗಿ ಹೇಗೆ ಹೇಳಲಿ ಎಂದು ನುಂಗಿಕೊಂಡ ಹುಡುಗರೂ ಇದ್ದಾರೆ.

ದಾರಿಯ ಇನ್ನೊಂದು ತುದಿ ನಮ್ಮಲ್ಲೇ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಪ್ರಯಾಣ ಹೆಣ್ಣುಮಕ್ಕಳಿಗೆ ಉಚಿತವಾದ ಮೇಲೆ ರೂಮು ಮಾಡದೆ ಮನೆಯಿಂದಲೇ ಹೋಗಿಬರುವುದು ಎಷ್ಟೋ ಮನೆಗಳಿಗೆ ಸಾಧ್ಯವಾಗಿದೆ. ಹಾಗೆ ಬಂದವರು ರಾತ್ರಿ ಎಂಟಕ್ಕೆ ರಸ್ತೆಯಲ್ಲಿ ಇಳಿದು, ಹೊಗೆಸೊಪ್ಪಿನ ಹೊಲಗಳ ನಡುವೆ ಊರಿಗೆ ನಡೆಯುತ್ತಾರೆ. ಬೀದಿದೀಪ ಗ್ರಾಮ ಪಂಚಾಯಿತಿಯ ಕೆಲಸ. ಬರುವ ಗ್ರಾಮಸಭೆಗೆ ಅರ್ಜಿಯೊಂದನ್ನು ಬರೆದು ಒಯ್ಯಿರಿ. ಬಸ್ಸು ನಿಲ್ಲುವ ಜಾಗದಿಂದ ಊರ ಮೊದಲ ಮನೆಯವರೆಗೆ ಎಷ್ಟು ಕಂಬಗಳಿವೆ, ಎಷ್ಟರಲ್ಲಿ ದೀಪ ಉರಿಯುತ್ತಿಲ್ಲ ಎಂದು ಹಿಂದಿನ ರಾತ್ರಿ ಮಗಳ ಜೊತೆ ನಡೆದು ಎಣಿಸಿ, ಆ ಲೆಕ್ಕವನ್ನು ಅರ್ಜಿಯಲ್ಲಿ ಬರೆಯಿರಿ.