ಬೆಳೆಗೆ ಕಾವಲುಂಟು, ಮನಸ್ಸಿಗೆ?



ಬಿತ್ತನೆಗೆ ಮುಂಚೆ ನಾವು ಮಣ್ಣಿನ ಹದ ನೋಡುತ್ತೇವೆ. ಹಸು ಒಂದು ಹೊತ್ತು ಮೇವು ಬಿಟ್ಟರೆ ಕೂಡಲೇ ಗಮನಿಸುತ್ತೇವೆ. ಬಾಳೆಯ ಎಲೆ ಹಳದಿಯಾದರೆ ನಾಲ್ಕು ಜನರನ್ನು ವಿಚಾರಿಸುತ್ತೇವೆ. ಆದರೆ ಮನೆಯ ಯಜಮಾನ ಹದಿನೈದು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲ, ಯಾರೊಡನೆಯೂ ಮಾತಾಡುತ್ತಿಲ್ಲ ಎಂದರೆ, 'ಏನೋ ಯೋಚನೆ ಇರಬೇಕು, ಸರಿಹೋಗುತ್ತದೆ' ಎಂದು ಸುಮ್ಮನಾಗುತ್ತೇವೆ. ದೇಹಕ್ಕೆ ಜ್ವರ ಬರುವ ಹಾಗೆ ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೂ ಚಿಕಿತ್ಸೆ ಇದೆ. ಮಾನಸಿಕ ಕಾಯಿಲೆ ಎಂದರೆ ಹುಚ್ಚು ಎಂಬ ಹಳೆಯ ಭಾವನೆಯನ್ನು ನಾವು ಮೊದಲು ಬಿಡಬೇಕು.

ನಿದ್ದೆಗೆಟ್ಟ ರಾತ್ರಿಗಳು

ನಮ್ಮ ತಾಳವಾಡಿ ಸೀಮೆಗೆ ಕಾಡೇ ಎಲ್ಲೆ. ಸುತ್ತಲಿನ ಸತ್ಯಮಂಗಲ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಮುಸುಕಿನ ಜೋಳ ತೆನೆ ಕಟ್ಟಿದಾಗ, ರಾಗಿ ಹಾಲುಗಾಳಾದಾಗ, ಬಾಳೆ ಗೊನೆ ಬಿಟ್ಟಾಗ ಆನೆ ಮತ್ತು ಕಾಡುಹಂದಿ ಬರುತ್ತವೆ ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಬೆಳೆ ತಿಂದು, ಜೀವಹಾನಿಯನ್ನೂ ಮಾಡಿದ 'ಕರುಪ್ಪನ್' ಎಂಬ ಒಂಟಿ ಸಲಗವನ್ನು ಅರಣ್ಯ ಇಲಾಖೆಯವರು ಹಲವು ಪ್ರಯತ್ನಗಳ ನಂತರ 2023ರ ಏಪ್ರಿಲ್‌ನಲ್ಲಿ ಹಿಡಿದು ಬೇರೆ ಕಾಡಿಗೆ ಸಾಗಿಸಿದರು. ಒಂದು ಆನೆ ಹೋಯಿತು, ಕಾವಲು ನಿಲ್ಲಲಿಲ್ಲ.

ಆನೆ ತುಳಿದ ಬೆಳೆಯ ನಷ್ಟವನ್ನು ಲೆಕ್ಕ ಹಾಕಿ ಅರ್ಜಿ ಕೊಡುತ್ತೇವೆ. ಕೆಟ್ಟ ನಿದ್ದೆಯ ಲೆಕ್ಕ ಯಾರೂ ಬರೆಯುವುದಿಲ್ಲ. ವಯಸ್ಕರಿಗೆ ದಿನಕ್ಕೆ ಏಳು ಗಂಟೆಯಾದರೂ ನಿದ್ದೆ ಬೇಕು. ವಾರಗಟ್ಟಲೆ ಅದು ಸಿಗದಿದ್ದರೆ ಸಣ್ಣ ಮಾತಿಗೂ ಸಿಟ್ಟು ಬರುತ್ತದೆ, ಮರೆವು ಹೆಚ್ಚುತ್ತದೆ, ರಕ್ತದೊತ್ತಡ ಏರುತ್ತದೆ, ಮನಸ್ಸು ಕುಗ್ಗುತ್ತದೆ. ಹೊಲದಲ್ಲಿ ಅಟ್ಟಣೆ ಮೇಲೆ ಗಂಡ, ಮನೆಯಲ್ಲಿ ಮಕ್ಕಳೊಡನೆ ಕಿವಿ ನಿಮಿರಿಸಿ ಮಲಗಿದ ಹೆಂಡತಿ. ಇಬ್ಬರಿಗೂ ನಿದ್ದೆ ಇಲ್ಲ. ಬೆಳಗಾದರೆ ಹಾಲು ಕರೆಯಬೇಕು, ಮಕ್ಕಳನ್ನು ಶಾಲೆಗೆ ಕಳುಹಿಸಬೇಕು. ಇಂಥ ಮನೆಯಲ್ಲಿ ಜಗಳ ಹೆಚ್ಚಿದರೆ ಅದು ಗುಣದ ದೋಷ ಅಲ್ಲ, ಎಷ್ಟೋ ಸಲ ನಿದ್ದೆಯ ಸಾಲ.

ಆದ್ದರಿಂದ ಕಾವಲನ್ನು ಒಬ್ಬರೇ ಹೊರಬೇಡಿ. ಅಕ್ಕಪಕ್ಕದ ನಾಲ್ಕು ಹೊಲದವರು ಸೇರಿ ಸರದಿ ಹಾಕಿಕೊಂಡರೆ ವಾರದಲ್ಲಿ ಕೆಲವು ರಾತ್ರಿಗಳಾದರೂ ಮನೆಯಲ್ಲಿ ಪೂರ್ಣ ನಿದ್ದೆ ಸಿಗುತ್ತದೆ. ಬೆಳಗಿನ ಜಾವ ಮನೆಗೆ ಬಂದವರನ್ನು ಕತ್ತಲೆ ಕೋಣೆಯಲ್ಲಿ ನಾಲ್ಕೈದು ಗಂಟೆ ಮಲಗಲು ಬಿಡಿ. ಸಾಲದ ವಿಚಾರ, ಸಂಬಂಧಿಕರ ವಿಚಾರ ಆ ಹೊತ್ತಿನಲ್ಲಿ ಎತ್ತಬೇಡಿ.

ಸಾಲ, ಬೆಲೆ, ಮೌನ

ಟೊಮೆಟೊ, ಕೋಸು ಕಿತ್ತು ಮಾರುಕಟ್ಟೆಗೆ ಸಾಗಿಸಿದ ಬಾಡಿಗೆಯೂ ಹುಟ್ಟದ ವರ್ಷಗಳನ್ನು ನಾವೆಲ್ಲ ನೋಡಿದ್ದೇವೆ. ಬೆಳೆದವನ ತಪ್ಪಿಲ್ಲದೆ ಬೆಲೆ ಬೀಳುತ್ತದೆ. ಆದರೂ ರೈತ 'ನನ್ನ ಕೈಲಾಗಲಿಲ್ಲ' ಎಂದು ತನ್ನನ್ನೇ ದೂರಿಕೊಳ್ಳುತ್ತಾನೆ. ಸಾಲದ ಮೊತ್ತವನ್ನು ಹೆಂಡತಿಗೂ ಹೇಳದೆ ಬಚ್ಚಿಡುತ್ತಾನೆ. ಚಿತೆ ಸತ್ತವರನ್ನು ಸುಡುತ್ತದೆ, ಚಿಂತೆ ಬದುಕಿದ್ದವರನ್ನೇ ಸುಡುತ್ತದೆ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಸಾಲ ಎಷ್ಟು, ಯಾರಿಗೆ, ಬಡ್ಡಿ ಎಷ್ಟು, ಕಂತು ಯಾವಾಗ ಎಂದು ಒಂದು ಹಾಳೆಯಲ್ಲಿ ಬರೆದು ಗಂಡ ಹೆಂಡತಿ ಕೂಡಿ ನೋಡುವುದು ಮೊದಲ ಮದ್ದು. ತಲೆಯೊಳಗೆ ತಿರುಗುವ ಸಾಲ ರಾತ್ರಿ ಹೊತ್ತು ದೊಡ್ಡದಾಗುತ್ತಲೇ ಹೋಗುತ್ತದೆ. ಹಾಳೆಯ ಮೇಲೆ ಬರೆದ ಸಾಲಕ್ಕೆ ಒಂದು ಅಳತೆ ಇರುತ್ತದೆ, ಯಾವುದನ್ನು ಮೊದಲು ತೀರಿಸಬೇಕು ಎಂಬ ಯೋಚನೆಗೆ ದಾರಿಯಾಗುತ್ತದೆ.

ಹಳೆಯ ಭಯ

ನಮ್ಮ ಗಡಿನಾಡಿನ ಹಿರಿಯರಲ್ಲಿ ಇನ್ನೊಂದು ಗಾಯವೂ ಇದೆ. ವೀರಪ್ಪನ್ ಕಾಲದಲ್ಲಿ ಒಂದು ಕಡೆ ಅವನ ಭಯ, ಇನ್ನೊಂದು ಕಡೆ ವಿಚಾರಣೆಯ ಭಯ. 2000ದ ಜುಲೈ 30ರ ರಾತ್ರಿ ದೊಡ್ಡಗಾಜನೂರಿನಿಂದ ಡಾ. ರಾಜ್‌ಕುಮಾರ್ ಅಪಹರಣವಾಗಿ, 108 ದಿನಗಳ ನಂತರ ಬಿಡುಗಡೆಯಾದದ್ದು ಲೋಕಕ್ಕೆಲ್ಲ ಗೊತ್ತು. ಹೆಸರಿಲ್ಲದ ಬಡವರು ಪಟ್ಟ ಪಾಡು ಅಷ್ಟು ಗೊತ್ತಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯಿಂದ ಕಾರ್ಯಪಡೆಯ ದೌರ್ಜನ್ಯಗಳ ವಿಚಾರಣೆ ನಡೆಸಿ, 2007ರಲ್ಲಿ ಎರಡೂ ರಾಜ್ಯಗಳ 89 ಮಂದಿಗೆ ಪರಿಹಾರ ಕೊಡಲು ಹೇಳಿತು. ಹಣದ ಪರಿಹಾರ ಬೇರೆ, ಮನಸ್ಸಿನ ಪರಿಹಾರ ಬೇರೆ. ಇಷ್ಟು ವರ್ಷಗಳಾದರೂ ರಾತ್ರಿ ಜೀಪಿನ ಸದ್ದಿಗೆ ಬೆಚ್ಚಿ ಏಳುವವರು, ಆ ದಿನಗಳ ಮಾತೆತ್ತಿದರೆ ಎದ್ದುಹೋಗುವವರು ಮನೆಯಲ್ಲಿದ್ದರೆ ಅದನ್ನು ಮೊಂಡುತನ ಎನ್ನಬೇಡಿ. ಕಂಡ ಕಷ್ಟ ದೇಹದೊಳಗೆ ಉಳಿಯುತ್ತದೆ. ಅದಕ್ಕೂ ವೈದ್ಯರ ನೆರವು ಸಿಗುತ್ತದೆ.

ಗುರುತಿಸುವುದು ಹೇಗೆ?

ದುಃಖವೆಲ್ಲ ಕಾಯಿಲೆ ಅಲ್ಲ. ಸಾವು, ನಷ್ಟ ಬಂದಾಗ ಅಳುವುದು ಸಹಜ. ಆದರೆ ಕೆಳಗಿನ ಲಕ್ಷಣಗಳಲ್ಲಿ ಹಲವು ಎರಡು ವಾರಕ್ಕೂ ಮೀರಿ ಹೆಚ್ಚುಕಡಿಮೆ ಪ್ರತಿದಿನ ಇದ್ದರೆ ಖಿನ್ನತೆಯ ಕಾಯಿಲೆ ಇರಬಹುದು:

1. ಯಾವಾಗಲೂ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು.
2. ನಿದ್ದೆ ಬಾರದಿರುವುದು, ನಸುಕಿನಲ್ಲೇ ಎಚ್ಚರವಾಗುವುದು ಅಥವಾ ಅತಿ ನಿದ್ದೆ.
3. ಊಟ ಸೇರದಿರುವುದು, ತೂಕ ಇಳಿಯುವುದು.
4. ಕಾರಣ ಸಿಗದ ಮೈಕೈ ನೋವು, ತಲೆನೋವು, ಎದೆ ಭಾರ, ಸದಾ ಸುಸ್ತು.
5. 'ನಾನು ಯಾತಕ್ಕೂ ಬಾರದವನು' ಎಂಬ ಮಾತು.
6. ಸಾವಿನ ಮಾತು, ಇದ್ದಕ್ಕಿದ್ದಂತೆ ಆಸ್ತಿಪತ್ರ ಒಪ್ಪಿಸುವುದು, ಎಲ್ಲರಿಂದ ಬೀಳ್ಕೊಳ್ಳುವ ಹಾಗೆ ನಡೆದುಕೊಳ್ಳುವುದು.

ರಕ್ತಹೀನತೆ ಮತ್ತು ಥೈರಾಯ್ಡ್ ತೊಂದರೆಯಲ್ಲೂ ಸುಸ್ತು, ಬೇಸರ ಕಾಣುವುದರಿಂದ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಹೆರಿಗೆಯಾದ ತಾಯಿ ವಾರಗಳು ಕಳೆದರೂ ಅಳುತ್ತಿದ್ದರೆ, ಮಗುವಿನ ಮೇಲೆ ಮನಸ್ಸಿಲ್ಲದಿದ್ದರೆ, ಅವಳನ್ನು ಬೈಯದೆ ವೈದ್ಯರಿಗೆ ತೋರಿಸಿ. ಆರನೆಯ ಲಕ್ಷಣ ಕಂಡರೆ ಎರಡು ವಾರ ಕಾಯಬಾರದು, ಅಂದೇ ನೆರವು ಕೋರಬೇಕು.

'ಸಾಯಬೇಕು ಅನ್ನಿಸುತ್ತಿದೆಯಾ?' ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಆಗುತ್ತದೆ ಎಂದು ಹಲವರು ಹೆದರುತ್ತಾರೆ. ಅದು ತಪ್ಪು ತಿಳಿವಳಿಕೆ. ಪ್ರೀತಿಯಿಂದ ಕೇಳಿದರೆ ಅವರ ಎದೆಯ ಭಾರ ಇಳಿಯುತ್ತದೆ. ಬುದ್ಧಿವಾದ ಹೇಳಬೇಡಿ, ಪೂರ್ತಿ ಕೇಳಿಸಿಕೊಳ್ಳಿ, ಒಬ್ಬರನ್ನೇ ಬಿಟ್ಟು ಹೋಗಬೇಡಿ.

ಕುಡಿತ ಮದ್ದಲ್ಲ

'ಒಂದಿಷ್ಟು ಹಾಕಿದರೆ ನಿದ್ದೆ ಬರುತ್ತದೆ' ಎಂಬುದು ಕಾವಲಿನವರು ಸಾಮಾನ್ಯವಾಗಿ ಹೇಳುವ ಮಾತು. ಮದ್ಯ ಬೇಗ ನಿದ್ದೆ ತರಿಸಿದರೂ ನಡುರಾತ್ರಿಯ ನಂತರ ಅದನ್ನು ಕೆಡಿಸುತ್ತದೆ, ಮಾರನೆಯ ದಿನ ಮನಸ್ಸನ್ನು ಇನ್ನಷ್ಟು ಕುಗ್ಗಿಸುತ್ತದೆ. ಅಮಲಿನಲ್ಲಿರುವವನು ದುಡುಕುವುದೂ ಹೆಚ್ಚು. ಆದರೆ ಬಹಳ ವರ್ಷ ದಿನವೂ ಕುಡಿದವರು ಏಕಾಏಕಿ ನಿಲ್ಲಿಸಿದರೆ ಕೈನಡುಕ, ಫಿಟ್ಸ್ ಬರಬಹುದು. ವೈದ್ಯರ ಸಲಹೆ ಪಡೆದು ಬಿಡುವುದೇ ಕ್ಷೇಮ.

ಔಷಧಿ ಡಬ್ಬಕ್ಕೆ ಬೀಗ

ಹೊಲಕ್ಕೆ ಹೊಡೆಯುವ ಔಷಧಿಯನ್ನು ಅಡಿಗೆಮನೆಯ ಅಟ್ಟದ ಮೇಲೆ, ಮಂಚದ ಕೆಳಗೆ ಇಡುವ ಅಭ್ಯಾಸವನ್ನು ಇಂದೇ ಬಿಡಿ. ಸಾಯುವ ಯೋಚನೆ ಅನೇಕರಲ್ಲಿ ಅಲೆಯಂತೆ ಏರಿ, ಕೆಲವು ಹೊತ್ತಿನಲ್ಲೇ ಇಳಿಯುತ್ತದೆ. ಆ ಹೊತ್ತಿನಲ್ಲಿ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ನಂತರ, 1995ರಿಂದ 2015ರೊಳಗೆ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ. 70ರಷ್ಟು ಇಳಿಯಿತು.

ನಮ್ಮ ತಮಿಳುನಾಡಿನಲ್ಲೇ ಒಂದು ಮಾದರಿ ಇದೆ. 1986ರಲ್ಲಿ ಡಾ. ಲಕ್ಷ್ಮಿ ವಿಜಯಕುಮಾರ್ ಚೆನ್ನೈಯಲ್ಲಿ 'ಸ್ನೇಹಾ' ಎಂಬ ಆತ್ಮಹತ್ಯೆ ತಡೆ ಸಂಸ್ಥೆಯನ್ನು ಆರಂಭಿಸಿದರು. ಅವರು ಮತ್ತು ಸಂಗಡಿಗರು ಕಡಲೂರು ಜಿಲ್ಲೆಯ ಹಳ್ಳಿಗಳಲ್ಲಿ ಊರಿಗೆಲ್ಲ ಸೇರಿ ಒಂದು ಔಷಧಿ ಕೋಣೆ ಕಟ್ಟಿಸಿ, ಪ್ರತಿ ರೈತನಿಗೂ ಬೀಗದ ಪೆಟ್ಟಿಗೆ ಕೊಟ್ಟು ನೋಡಿದರು. ಬೇಕಾದಾಗ ಹೋಗಿ ತರುವುದು, ಉಳಿದದ್ದನ್ನು ಅಲ್ಲೇ ಇಡುವುದು. ರೈತರು ಇದನ್ನು ಒಪ್ಪಿಕೊಂಡರು. ನಮ್ಮ ಊರುಗಳ ರೈತ ಸಂಘಗಳು, ಮಹಿಳಾ ಸಂಘಗಳು ಇದನ್ನು ಯೋಚಿಸಬಹುದು. ಅಲ್ಲಿಯವರೆಗೆ ಬೇಕಾದಷ್ಟನ್ನೇ ಕೊಳ್ಳುವುದು, ಮನೆಯಿಂದ ದೂರ ಬೀಗದಲ್ಲಿಡುವುದು ನಮ್ಮ ಕೈಯಲ್ಲೇ ಇದೆ. ಮನಸ್ಸು ಕುಗ್ಗಿದವರು ಇರುವ ಮನೆಯಲ್ಲಿ ಅದನ್ನು ಪೂರ್ತಿ ಹೊರಗೆ ಸಾಗಿಸಿ.

ಎಲ್ಲಿ ಹೋಗಬೇಕು?

'ಈರೋಡಿಗೆ ದಿಂಬಂನ 27 ತಿರುವು ಇಳಿಯಬೇಕು, ಅಲ್ಲಿ ತಮಿಳಿನಲ್ಲಿ ಏನು ಹೇಳಲಿ' ಎಂದು ಸುಮ್ಮನಿರುವವರು ಉಂಟು. ಈಗ ಮನೆಯಿಂದಲೇ ಮೊದಲ ಹೆಜ್ಜೆ ಇಡಬಹುದು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ 'ಟೆಲಿ ಮಾನಸ್' ಸೇವೆಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಅದರ ಭಾಷೆಗಳಲ್ಲಿ ಕನ್ನಡವೂ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬಗ್ಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಈ ಕಾರ್ಯಕ್ರಮದ ಬೇರು ಕನ್ನಡ ನಾಡಿನಲ್ಲೇ ಇದೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಹಳ್ಳಿಯಲ್ಲೇ ಚಿಕಿತ್ಸೆ ಸಾಧ್ಯ ಎಂದು ತೋರಿಸಿದರು. ಅದೇ ಮಾದರಿ 1996ರಲ್ಲಿ ರಾಷ್ಟ್ರೀಯ ಯೋಜನೆಯಾಯಿತು.

ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು. ಗುಣ ಕಂಡ ಕೂಡಲೇ ನಿಲ್ಲಿಸಬಾರದು. ಅದು ಮದ್ಯದ ಹಾಗೆ ಚಟ ಹಿಡಿಸುವುದಿಲ್ಲ. ಜೀವ ಕಳೆದುಕೊಳ್ಳಲು ಯತ್ನಿಸಿದವರನ್ನು ಆಸ್ಪತ್ರೆಗೆ ಒಯ್ಯಲು ಪೊಲೀಸ್ ಕೇಸಿಗೆ ಹೆದರಿ ತಡಮಾಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರಿಗೆ ಶಿಕ್ಷೆಯ ಬದಲು ಆರೈಕೆ ಸಿಗಬೇಕು ಎನ್ನುತ್ತದೆ. ಧರ್ಮಸಭೆಯೂ ಇಂಥ ಸಾವನ್ನು ಕಂಡ ಕುಟುಂಬವನ್ನು ದೂರ ಇಡುವುದಿಲ್ಲ. ತೀವ್ರ ಮಾನಸಿಕ ವೇದನೆ ಮನುಷ್ಯನ ಹೊಣೆಯನ್ನು ಕಡಿಮೆ ಮಾಡುತ್ತದೆ, ಅವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದು ಎಂದು 1992ರ ಧರ್ಮೋಪದೇಶ ಗ್ರಂಥ ಬೋಧಿಸುತ್ತದೆ. ಆದ್ದರಿಂದ ಅಂಥ ಮನೆಗೆ ಹೋಗಿ, ಕೂತು, ಒಂದು ಹೊತ್ತಿನ ಊಟ ಒಯ್ದು ಕೊಡಿ.

ಈ ವಾರ ಒಂದು ಕೆಲಸ ಮಾಡೋಣ. ಕೆಲವು ದಿನಗಳಿಂದ ಸಂತೆಯಲ್ಲಿ, ಪೂಜೆಯಲ್ಲಿ, ಹಾಲಿನ ಸೊಸೈಟಿಯಲ್ಲಿ ಕಾಣದೆ ಇರುವ ಒಬ್ಬರ ಮನೆಗೆ ಹೋಗಿ 'ಹೇಗಿದ್ದೀಯಪ್ಪ?' ಎಂದು ಕೇಳೋಣ. ಕೇಳಿದ ಮೇಲೆ ಉತ್ತರ ಬರುವವರೆಗೆ ಕೂತಿರೋಣ.