ಬಿಲ್ಲು ಅತ್ತ, ಬಾಣ ಇತ್ತ

ಘಟಪ್ರಭೆಯ ದಂಡೆಯ ಮಸಗುಪ್ಪಿಯಲ್ಲಿ ಯುದ್ಧನೌಕೆಯ ಮಾತೇಕೆ ಎನ್ನಬೇಡಿ. ಇವೂ ನದಿಯ ಹೆಸರಿನ ಹಡಗುಗಳೇ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿಗಳಿಂದ ಸರಕುಹಡಗುಗಳನ್ನು ಕಾಯಲು ಬ್ರಿಟನ್ ಕಟ್ಟಿದ ಫ್ರಿಗೇಟುಗಳಿವು. ವೇಗ 20 ನಾಟ್, ಅಂದರೆ ಗಂಟೆಗೆ ಸುಮಾರು 37 ಕಿ.ಮೀ. (‘ಗಂಟೆಗೆ 20 ನಾಟ್’ ಎಂದು ಬರೆದರೆ ಅಂಕ ಹೋದೀತು!)

1945ರಲ್ಲಿ ‘ಡೆವೆರನ್’, ‘ಬ್ಯಾನ್’ ಎಂಬೆರಡು ಭಾರತದ ನೌಕಾಪಡೆಗೆ ಬಂದು ‘ಧನುಷ್’, ‘ತೀರ್’ ಆದವು. ಒಂದು ಬಿಲ್ಲು, ಒಂದು ಬಾಣ. 1947ರಲ್ಲಿ ಅಣ್ಣತಮ್ಮಂದಿರ ಹೊಲದಂತೆ ಹಡಗುಗಳೂ ಪಾಲಾದವು. ಒಂದೇ ಹಡಗಿನಲ್ಲಿ ಉಂಡು ಮಲಗಿದ ನಾವಿಕರೂ ತಮ್ಮ ದೇಶ ಯಾವುದೆಂದು ಆರಿಸಿಕೊಳ್ಳಬೇಕಾಯಿತು. ಬಿಲ್ಲು ಪಾಕಿಸ್ತಾನಕ್ಕೆ ಹೋಗಿ ‘ಜುಲ್ಫಿಕರ್’ ಆಯಿತು. ನಮ್ಮಲ್ಲೇ ಉಳಿದ ಬಾಣ ಕೆಡೆಟ್‌ಗಳಿಗೆ ಸಮುದ್ರವಿದ್ಯೆ ಕಲಿಸುವ ತರಬೇತಿ ಹಡಗಾಗಿ, 1970ರ ದಶಕದಲ್ಲಿ ನಿವೃತ್ತವಾಯಿತು. ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ ಹೊಸ ‘ತೀರ್’ 1986ರಲ್ಲಿ ಅದೇ ಪಾಠಕ್ಕೆ ಕಡಲಿಗಿಳಿಯಿತು.